ಕೆಜಿಎಫ್ ಗಣಿಯ ನೆನಪುಗಳನ್ನು ದಾಖಲಿಸುವ ಬಗೆ

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿ ದುಡಿದ ಹಿರಿಯರನ್ನು ಬರೀ "ಆಗ ಹೇಗಿತ್ತು?" ಎಂದು ಕೇಳಿದರೆ ಎರಡು ಮಾತಿಗೆ ಮುಗಿಯುತ್ತದೆ. ಯಾವ ಶಾಫ್ಟ್ (ಗಣಿಗಿಳಿಯುವ ಬಾವಿ), ಯಾವ ಪಾಳಿ, ಕೈಯಲ್ಲಿ ಏನು ಹಿಡಿದು ಇಳಿಯುತ್ತಿದ್ದಿರಿ ಎಂದು ಕೇಳಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗಿನ ಸೆಕೆ, ಬಂಡೆ ಸಿಡಿಯುವ ಭಯ ಆಗ ತಾನಾಗಿ ಮಾತಿಗೆ ಬರುತ್ತವೆ. ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದರೆ ಹಾಗೆಯೇ ರೆಕಾರ್ಡ್ ಮಾಡಿ, ಕನ್ನಡಕ್ಕೆ ಆಮೇಲೆ ತನ್ನಿ.

ಫ್ಯಾನ್ ಆರಿಸಿ. ಮೊಬೈಲನ್ನು ಒಂದಡಿ ದೂರದಲ್ಲಿ, ಮಡಿಸಿದ ಟವೆಲ್ ಮೇಲಿಡಿ. ಬರಿ ಮೇಜಾದರೆ ಲೋಟ ಇಟ್ಟ ಸದ್ದೂ ಗುಡುಗುತ್ತದೆ. ಕಲ್ಲಿನ ಧೂಳು ಕುಡಿದ ಎದೆಗಳಿವು, ಒಂದು ಸಲಕ್ಕೆ 40 ನಿಮಿಷದ ಮಾತು ಸಾಕು.

ಅವರ ಹಳೆಯ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಚಿತ್ರವೇ ಕಿತ್ತುಬರುತ್ತದೆ. ಗಾಜಿನ ಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ.