ರಜೆಗೊಂದು ಕೌದಿ: ಪದರ ಹಾಸುವಾಗ ಅವಸರ ಬೇಡ

ಹಳೆ ಬಟ್ಟೆಯ ಪದರ ಕೂಡಿಸಿ ಹೊಲಿಯುವ ಹೊದಿಕೆಯೇ ಕೌದಿ. ಅದರ ನಡುವೆ ಸುಕ್ಕು ಗುಡ್ಡೆಯಾಗಿ ಅಂಚು ಸೊಟ್ಟಗಾದರೆ, ತಪ್ಪು ಆಗಿರುವುದು ಹೊಲಿಗೆಗೂ ಮುಂಚೆ, ಪದರ ಹಾಸುವಾಗ.

ಬೇಸಿಗೆ ರಜೆಯಲ್ಲಿ ಮನೆಮಂದಿ ಕೂಡಿ ಹೊಲಿಯಲು ಕೂಸಿನ ಕೌದಿ ಸಾಕು: 42 ಇಂಚು ಉದ್ದ, 36 ಇಂಚು ಅಗಲ. ಅರ್ಧ ಇಂಚಿಗೊಂದು ಸಾಲು ಹಿಡಿದರೂ ಸುಮಾರು 77 ಮೀಟರ್ ಹೊಲಿಗೆ. ನಾಲ್ವರು ದಿನಾ ತಲಾ ಒಂದೂವರೆ ಮೀಟರಿನಂತೆ ಹೊಲಿದರೆ ಎರಡು ವಾರದ ಕೆಲಸ.

ಬಟ್ಟೆ ಹತ್ತಿಯದೇ ಆಗಬೇಕು. ತೊಳೆದು ಮೆತ್ತಗಾದ ಒಂದು ಹಳೆ ಸೀರೆಯಲ್ಲಿ ನಾಲ್ಕು ಪದರ ಸಿಗುತ್ತವೆ. ಜರಿ ಅಂಚು ಕತ್ತರಿಸಿ ತೆಗೆಯಿರಿ, ಅದರಲ್ಲಿ ಸೂಜಿ ಇಳಿಯದು. ತಳಕ್ಕೆ 46 × 40 ಇಂಚಿನ ಗಟ್ಟಿ ಬಟ್ಟೆ. ತ್ಯಾಪಿಗೆ, ಅಂದರೆ ಮೇಲೆ ಹಚ್ಚುವ ತೇಪೆಗೆ, ಟೇಲರ್ ಅಂಗಡಿಯ ಚೂರು ತರುವವರು ಎಚ್ಚರ, ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ದೊಡ್ಡವರು ಒಂದು ಎಳೆ ಸುಟ್ಟು ನೋಡಲಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಖಣದ (ರವಿಕೆ ಬಟ್ಟೆಯ) ಚೂರಿಗೂ ಇದೇ ಪರೀಕ್ಷೆ. ಕೆಂಪು ಬಟ್ಟೆಯನ್ನು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿ. ಬಣ್ಣ ಹತ್ತಿದರೆ ಬಿಟ್ಟುಬಿಡಿ.

ಇನ್ನು ಹಾಸುವುದು. ಮಂಚದ ಮೇಲೆ ಬೇಡವೇ ಬೇಡ, ಗಾದಿ ತಗ್ಗಿದಲ್ಲೆಲ್ಲ ಬಟ್ಟೆ ಸಡಿಲಾಗುತ್ತದೆ. ಗಚ್ಚಿನ ನೆಲದ ಮೇಲೆ ತಳದ ಬಟ್ಟೆ ಹಾಸಿ, ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಡಿ. ಜಗ್ಗಿ ಬಿಗಿ ಮಾಡಬಾರದು: ಜಗ್ಗಿದ ತಳ ಆಮೇಲೆ ಕುಗ್ಗಿ ಮೇಲಿನ ಪದರಗಳು ಉಬ್ಬುತ್ತವೆ. ಸುತ್ತಲೂ ಎರಡು ಇಂಚು ಬಿಟ್ಟು, ಸೀರೆಯ ಉದ್ದೆಳೆ ಎಲ್ಲ ಪದರದಲ್ಲೂ ಒಂದೇ ದಿಕ್ಕಿಗೆ ಬರುವಂತೆ ಮೂರು ತುಂಡು ಹಾಸಿ. ಹರಿದವು ನಡುವೆ ಇರಲಿ, ನಾಲ್ಕನೆಯ ಒಳ್ಳೆ ತುಂಡು ಮೇಲೆ. ಒಂದೊಂದು ಪದರ ಹಾಸಿದಾಗಲೂ ಮಕ್ಕಳು ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಲಿ. ಬಳಿಕ ಕಚ್ಚಾ ಹೊಲಿಗೆ, ಅಂದರೆ ಪದರ ಜರುಗದಂತೆ ಹಾಕಿ ಆಮೇಲೆ ಬಿಚ್ಚುವ ಹೊಲಿಗೆ: ಮೊದಲು ನಡುವಿನಿಂದ ನಾಲ್ಕೂ ಕಡೆಗೆ ಒಂದೊಂದು ಗೆರೆ, ನಂತರ ಗೇಣಿಗೊಂದರಂತೆ ಅಡ್ಡ, ಉದ್ದ. ತಿರುಗಿಸಿ ನೋಡಿ, ಹಿಂದೆ ಒಂದು ಸುಕ್ಕು ಕಂಡರೂ ಬಿಚ್ಚಿ ಮತ್ತೆ ಹಾಕಿ. ಇಲ್ಲಿ ಒಂದಿಡೀ ದಿನ ಹೋದರೂ ಹೋಗಲಿ. ಅಂಟು ಹಚ್ಚುವ ಅಡ್ಡದಾರಿ ಹಿಡಿಯಬೇಡಿ, ಅಂಟಿದಲ್ಲಿ ಬಟ್ಟೆ ಬಿರುಸಾಗಿ ಸೂಜಿ ಹಿಡಿಯುತ್ತದೆ.

ತಳದ ಬಟ್ಟೆಯ ಬಿಟ್ಟ ಅಂಚು ಮೇಲಕ್ಕೆ ಮಡಚಿ ಹೊಲಿದು, ತ್ಯಾಪಿ ಇಡಿ.

ದಾರ ದಪ್ಪ ಹತ್ತಿಯದು, ಎರಡು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಟಾಕಿ, ಅಂದರೆ ಒಂದೊಂದು ಹೊಲಿಗೆ, ಜೋಳದ ಕಾಳಿನಷ್ಟು. ಅಂಚಿನಿಂದ ಸುತ್ತುತ್ತ ಒಳಗೆ ಬನ್ನಿ. ನಾಲ್ವರ ಕೈಬಿಗಿ ಒಂದೇ ಇರದು, ಒಂದು ಬದಿ ಕುಗ್ಗುತ್ತದೆ. ಅದಕ್ಕೇ ಎರಡು ಸುತ್ತಿಗೊಮ್ಮೆ ಜಾಗ ಬದಲಿಸಿ. ಗೇಣು ಹೊಲಿದಾಗಲೆಲ್ಲ ಹೆಬ್ಬೆರಳಿನಿಂದ ಸಾಲು ನೀವಿ ದಾರ ಸಡಿಲಿಸಿ. ಕಚ್ಚಾ ದಾರ ಕೊನೆಯ ಸುತ್ತು ಮುಗಿಯುವ ತನಕ ಇರಲಿ.

ಒಗೆದ ಕೌದಿ ಬಹಳ ನೀರು ಹಿಡಿಯುತ್ತದೆ. ಒಂದೇ ಹಗ್ಗಕ್ಕೆ ನೇತುಹಾಕಿದರೆ ನಡುವೆ ಜೋತುಬೀಳುತ್ತದೆ, ಎರಡು ಹಗ್ಗದ ಮೇಲೆ ಹರವಿ ಒಣಗಿಸಿ.