ಬಸುರಿಯರಿಗೆ ಯೋಗ: ಒಂದು ಗೋಡೆ, ಒಂದು ಕುರ್ಚಿ, ನಾಲ್ಕು ದಿಂಬು

ಮೊದ್ಲು ನಿಮ್ಮ ಡಾಕ್ಟ್ರನ್ನ ಕೇಳಿ. ಸ್ಕ್ಯಾನಲ್ಲಿ ಪ್ಲಾಸೆಂಟಾ (ಮಾಸು) ಕೆಳಗಿದೆ ಅಂತ ಬಂದಿದ್ರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ರೆ, ಬ್ಲೀಡಿಂಗ್ ಆಗಿದ್ರೆ, ಬಿಪಿ ಏರ್ತಿದ್ರೆ ಮಾಡ್ಬೇಕೋ ಬೇಡ್ವೋ ಅಂತ ಅವ್ರೇ ಹೇಳ್ಬೇಕು, ಪಕ್ಕದ ಮನೆ ಆಂಟಿನೂ ಅಲ್ಲ, ಯೂಟ್ಯೂಬೂ ಅಲ್ಲ.

ಅವ್ರು ಹೂಂ ಅಂದ್ಮೇಲೆ ಒಂದು ವಿಷ್ಯ ತಲೇಲಿರ್ಲಿ. ಈಗ ರಿಲ್ಯಾಕ್ಸಿನ್ ಅನ್ನೋ ಹಾರ್ಮೋನ್ ಜಾಸ್ತಿ ಇರತ್ತೆ, ಕೀಲುಗಳು ಸಡಿಲ ಆಗೋಕೆ ಅದೂ ಒಂದು ಕಾರಣ, ಹಾಗಾಗಿ ಮುಂಚೆ ಬಗ್ಗದೇ ಇದ್ದ ಮೈ ಈಗ ಸಲೀಸಾಗಿ ಬಗ್ಗತ್ತೆ ಅನ್ಸಿ, ಇನ್ನೊಂಚೂರು ಎಳೆಯೋಣ ಅಂತ ಹೋದ್ರೆ ಸೊಂಟ ಹಿಡ್ಕೊಳತ್ತೆ. ಎಷ್ಟಾಗತ್ತೋ ಅದಕ್ಕಿಂತ ಸ್ವಲ್ಪ ಮೊದ್ಲೇ ನಿಲ್ಸಿ. ಮಾಡ್ತಾ ಮಾಡ್ತಾ ಮಾತಾಡೋಕೆ ಆಗ್ಬೇಕು, ಏದುಸಿರು ಬಂದ್ರೆ ಜಾಸ್ತಿ ಆಯ್ತು ಅಂತ.

ಶುರು ಮಾಡೋರಿಗೆ ಬದ್ಧಕೋನಾಸನ ಚೆನ್ನಾಗಿದೆ, ನಾವೆಲ್ಲ ಚಿಟ್ಟೆ ಅಂತೀವಲ್ಲ ಅದೇ. ಮಡಚಿದ ಕಂಬಳಿ ಮೇಲೆ ಕೂತು ಬೆನ್ನನ್ನ ಗೋಡೆಗೆ ಆನಿಸಿ, ಅಂಗಾಲು ಎರಡೂ ಸೇರ್ಸಿ, ಒಂದೊಂದು ಮಂಡಿ ಕೆಳಗೂ ಒಂದೊಂದು ದಿಂಬು. ಮಂಡಿನ ರೆಕ್ಕೆ ಥರ ಪಟಪಟ ಬಡೀಬೇಡಿ, ಕೈಯಿಂದ ಒತ್ತಲೂಬೇಡಿ, ಸುಮ್ನೆ ಕೂತು ಉಸಿರು ನಿಧಾನ ಬಿಡಿ. ಇಡೀ ದಿನ ಆಫೀಸ್ ಕುರ್ಚಿ, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ ಅಂತ ಸೊಂಟ ಸೋತಿದ್ರೆ ಮಾರ್ಜರಿಯಾಸನ: ಬೆಕ್ಕಿನ ಥರ ಎರಡು ಕೈ, ಎರಡು ಮಂಡಿ ಊರಿ ನಿಂತ್ಕೊಂಡು ಉಸಿರು ಬಿಡ್ತಾ ಬೆನ್ನು ಗೂನು ಮಾಡಿ, ತಗೊಳ್ತಾ ಸಮ ಮಾಡಿ ಅಷ್ಟೆ, ಹೊಟ್ಟೆ ಜೋತು ಬೀಳೋಕೆ ಬಿಡ್ಬೇಡಿ. ನಿಂತು ಮಾಡೋ ಯಾವ್ದಕ್ಕಾದ್ರೂ ಗೋಡೆ ಅಥವಾ ಕುರ್ಚಿ ಕೈಗೆ ಸಿಗ್ಬೇಕು, ನಮ್ಮ ಅಪಾರ್ಟ್‌ಮೆಂಟ್ ಟೈಲ್ಸ್ ಮೇಲೆ ಸಾಕ್ಸ್ ಹಾಕ್ಕೊಂಡಂತೂ ಬೇಡ.

ಕಪಾಲಭಾತಿ, ಭಸ್ತ್ರಿಕಾ ಥರ ರಭಸವಾಗಿ ಉಸಿರಾಡೋದು, ಉಸಿರು ಕಟ್ಟಿ ಹಿಡಿಯೋದು, ಹೊಟ್ಟೆ ಮೇಲೆ ಮಲಗೋದು, ಜೋರಾಗಿ ತಿರುಚೋದು ಇವೆಲ್ಲ ಬೇಡ. ಅನುಲೋಮ ವಿಲೋಮ (ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡೋದು), ಭ್ರಾಮರಿ (ಉಸಿರು ಬಿಡ್ತಾ ದುಂಬಿ ಥರ ಗುಂಯ್ ಅನ್ನೋದು) ಮಾಡ್ಬಹುದು, ಉಸಿರು ಹಿಡಿಯದೆ. ಬಿಸಿ ಮಾಡಿದ ರೂಮಲ್ಲಿ ಮಾಡೋ ಹಾಟ್ ಯೋಗನೂ ಬೇಡ, ಏಪ್ರಿಲ್ ತಿಂಗಳಲ್ಲಿ ನಮ್ಮೂರಲ್ಲಿ ಫ್ಯಾನ್ ಇಲ್ದೆ ಕೂತ್ರೆ ಅದೇ ಹಾಟ್ ಯೋಗ.

ಐದು ತಿಂಗಳು ದಾಟಿದ್ಮೇಲೆ ಅಂಗಾತ ತುಂಬಾ ಹೊತ್ತು ಮಲಗ್ಬೇಡಿ, ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ವಾಪಸ್ ತರೋ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತತ್ತೆ. ಶವಾಸನನ ಎಡಮಗ್ಗುಲಾಗಿ ಮಾಡಿ, ಮಂಡಿ ಮಧ್ಯೆ ಒಂದು ದಿಂಬು, ಹೊಟ್ಟೆ ಕೆಳಗೆ ಒಂದು. ಏಳುವಾಗ ಯಾರೂ ಹೇಳ್ಕೊಡದ ಪಾಠ ಇದೆ: ಮಗ್ಗುಲಲ್ಲೇ ಇದ್ದು ಕೈ ಊರಿ ಕೂತ್ಕೊಳಿ, ಎರಡು ಉಸಿರು ತಗೊಳಿ, ಆಮೇಲೆ ಮಂಡಿಯೂರಿ ಕುರ್ಚಿ ಹಿಡ್ದು ಒಂದೊಂದೇ ಕಾಲು. ನೇರವಾಗಿ ದಡಕ್ಕನೆ ಎದ್ದು ಕೂತ್ಕೋಬೇಡಿ.

2005ರಲ್ಲಿ ಬೆಂಗಳೂರಿನ 335 ಬಸುರಿಯರ ಮೇಲೆ ನಡೆದ ಅಧ್ಯಯನ ಬಂತು, ಯೋಗ ಮಾಡಿದ ಗುಂಪಲ್ಲಿ ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಕ್ಕಳು ಕಮ್ಮಿ ಇದ್ರು. ಹಾಗಂತ ಯೋಗ ಮಾಡಿದ್ರೆ ನಾರ್ಮಲ್ ಡೆಲಿವರಿ ಗ್ಯಾರಂಟಿ ಅನ್ನೋ ಕ್ಲಾಸಿಗೆ ದುಡ್ಡು ಕಟ್ಬೇಡಿ. ಸೇರೋ ಮುಂಚೆ ಟೀಚರ್‌ಗೆ ಎಷ್ಟನೇ ತಿಂಗಳು ಅಂತ ಹೇಳಿ ನೋಡಿ, ಅವ್ರು ಸ್ಕ್ಯಾನ್ ಬಗ್ಗೆ, ಬಿಪಿ ಬಗ್ಗೆ ಏನೂ ಕೇಳ್ಲಿಲ್ಲ ಅಂದ್ರೆ ಬೇರೆ ಕ್ಲಾಸ್ ಹುಡುಕಿ. ಮಾಡುವಾಗ ರಕ್ತ ಅಥವಾ ನೀರು ಹೋದ್ರೆ, ಎದೆ ನೋವು ಬಂದ್ರೆ, ಹೊಟ್ಟೆ ಬಿಟ್ಟುಬಿಟ್ಟು ಗಟ್ಟಿಯಾಗಿ ಹಿಡ್ಕೊಂಡ್ರೆ, ಮಗು ಓಡಾಟ ಕಮ್ಮಿ ಅನ್ಸಿದ್ರೆ ಅಲ್ಲಿಗೇ ನಿಲ್ಸಿ ಆಸ್ಪತ್ರೆಗೆ ಫೋನ್ ಮಾಡಿ, ನಾಳೆ ಚೆಕಪ್ ಇದ್ಯಲ್ಲ ಅಂತ ಕಾಯ್ಬೇಡಿ.