ಬಂಡೆಯ ಮೇಲಿನ ಊರಿಗೆ ನೀರು ಎಲ್ಲಿಂದ? ಒರ್ವಿಯೆತೊದಲ್ಲಿ ನಾನು ಕಳೆದ ಒಂದು ದಿನ

ರೋಮಿನಲ್ಲಿ ಕಚೇರಿಯ ಕೆಲಸ ಮುಗಿದ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದು ಶನಿವಾರ. ಜೊತೆಯವರು ಫ್ಲಾರೆನ್ಸಿಗೆ ಹೊರಟರು. ನಾನೊಬ್ಬಳೇ ಒರ್ವಿಯೆತೊಗೆ ಹೋದೆ. ಉಂಬ್ರಿಯಾ ಪ್ರಾಂತ್ಯದ ಈ ಮಧ್ಯಯುಗದ ಊರು ಸುತ್ತಲೂ ಗೋಡೆಯಂತೆ ಕಡಿದಾದ ಬಂಡೆಯ ನೆತ್ತಿಯ ಮೇಲಿದೆ. ನಾನು ಬೆಳೆದದ್ದು ಗದಗದ ಕಡೆ. ಬೇಸಿಗೆ ಬಂತೆಂದರೆ ಕೊಡ ಹಿಡಿದು ನಳದ ಮುಂದೆ ಸರದಿ ನಿಂತವಳು. ಆದ್ದರಿಂದ ಆ ಊರಿನ ಚಿತ್ರ ನೋಡಿದಾಗ ಮೊದಲು ಹೊಳೆದದ್ದು ಅದರ ಚೆಲುವಲ್ಲ, ಅಲ್ಲಿನ ಜನ ನೀರಿಗೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ. ಆ ಒಂದು ದಿನವನ್ನು ಅದರ ಬೆನ್ನು ಹತ್ತಿಯೇ ಕಳೆದೆ.

ತೆರ್ಮಿನಿ ನಿಲ್ದಾಣದಿಂದ ಪ್ರಾದೇಶಿಕ ರೈಲು ಹಿಡಿದರೆ ಒಂದೂಕಾಲು ಗಂಟೆಯ ಆಸುಪಾಸಿನ ದಾರಿ. ಸೀಟು ಕಾಯ್ದಿರಿಸುವ ಗೋಜಿಲ್ಲ. ಆದರೆ ಕಾಗದದ ಟಿಕೆಟ್ ಕೊಂಡಿದ್ದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರಂ ಬಳಿಯ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ತೆರಬೇಕಾಗುತ್ತದೆ. ನನ್ನ ರೈಲಿನ ಪ್ಲಾಟ್‌ಫಾರಂ ನಿಲ್ದಾಣದ ಒಂದು ತುದಿಯಲ್ಲಿತ್ತು, ನಡೆಯಲು ಹತ್ತು ನಿಮಿಷ ಬೇಕಾಯಿತು. ಇಷ್ಟು ಹೊತ್ತನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡಬೇಕು.

ರೈಲು ಇಳಿಸುವುದು ಬಂಡೆಯ ಬುಡದಲ್ಲಿ. ನಿಲ್ದಾಣದ ಎದುರಿಗೇ ಮೇಲಕ್ಕೆ ಹೋಗುವ ಹಗ್ಗದ ರೈಲು ಇದೆ. ನನ್ನ ಪ್ರಶ್ನೆಗೆ ಸಂಬಂಧಪಟ್ಟ ಮೊದಲ ಸಂಗತಿ ಸಿಕ್ಕಿದ್ದೂ ಇಲ್ಲಿಯೇ. 1888ರಲ್ಲಿ ಇದು ಶುರುವಾದಾಗ ಓಡುತ್ತಿದ್ದದ್ದು ನೀರಿನ ಭಾರದಿಂದ. ಒಂದೇ ಹಗ್ಗದ ಎರಡು ತುದಿಗೆ ಎರಡು ಗಾಡಿಗಳು. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರವಾಗಿ ಕೆಳಗಿಳಿಯುತ್ತದೆ, ಇಳಿಯುತ್ತಾ ಇನ್ನೊಂದನ್ನು ಮೇಲಕ್ಕೆಳೆಯುತ್ತದೆ. ನಮ್ಮ ರಾಟೆಯ ಲೆಕ್ಕವೇ. 1970ರಲ್ಲಿ ನಿಂತುಹೋಗಿ 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಚಾಲೂ ಆಯಿತು. ಕೆಲವೇ ನಿಮಿಷಗಳಲ್ಲಿ ಸುರಂಗ ದಾಟಿ ಮೇಲಿನ ಕಾಹೆನ್ ಚೌಕ ತಲುಪಿದೆ.

ಎಲ್ಲರೂ ನೇರವಾಗಿ ಕೆಥೆಡ್ರಲ್ ಕಡೆ ನಡೆದರು. ನಾನು ಚೌಕದ ಪಕ್ಕದಲ್ಲಿಯೇ ಇರುವ ಸಂತ ಪ್ಯಾಟ್ರಿಕ್‌ನ ಬಾವಿಗೆ ಇಳಿದೆ. ಬೆಳಗಿನ ಹೊತ್ತಾದ್ದರಿಂದ ಜನ ಕಡಿಮೆ. ಇದನ್ನು ಮೊದಲೇ ನೋಡಿ ಎಂದು ಯಾರಿಗೂ ಹೇಳುತ್ತೇನೆ.

1527ರಲ್ಲಿ ದಂಡು ರೋಮನ್ನು ಲೂಟಿ ಮಾಡಿದಾಗ ಪೋಪ್ ಏಳನೆಯ ಕ್ಲೆಮೆಂಟ್ ತಪ್ಪಿಸಿಕೊಂಡು ಬಂದು ಸೇರಿದ್ದು ಈ ಊರನ್ನು. ಬಂಡೆ ಶತ್ರುವನ್ನು ತಡೆದೀತು, ಆದರೆ ಮುತ್ತಿಗೆ ಬಿದ್ದರೆ ಕುಡಿಯಲು ನೀರು? ಆ ಭಯದಿಂದ ಹುಟ್ಟಿದ ಬಾವಿ ಇದು. ವಾಸ್ತುಶಿಲ್ಪಿ ಕಿರಿಯ ಆಂತೋನಿಯೊ ದ ಸಂಗಾಲ್ಲೊ. ಕೆಲಸ ಮುಗಿದದ್ದು 1537ರಲ್ಲಿ. ಕ್ಲೆಮೆಂಟ್ ಅದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡಿದ್ದ. ಆಳ ಸುಮಾರು 53 ಮೀಟರ್, ಅಗಲ 13 ಮೀಟರ್. ನಡುವಿನ ಕೊಳವೆಯ ಸುತ್ತ ಒಂದಕ್ಕೊಂದು ಸೇರದ ಎರಡು ಸುರುಳಿ ಮೆಟ್ಟಿಲುಗಳು, ಒಂದೊಂದಕ್ಕೂ 248 ಮೆಟ್ಟಿಲು. ನೀರಿಗೆ ಹೋಗುವ ಹೇಸರಗತ್ತೆ ಒಂದರಲ್ಲಿ ಇಳಿದು, ಬುಡದ ಸಣ್ಣ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತಿ ಬರುತ್ತಿತ್ತು. ಇಳಿಯುವ ಕತ್ತೆಗೆ ಹತ್ತುವ ಕತ್ತೆ ಎದುರಾಗುವುದೇ ಇಲ್ಲ. ಮೆಟ್ಟಿಲುಗಳೂ ಅಷ್ಟೆ, ಗೊರಸಿಗೆ ಒಗ್ಗುವಂತೆ ಅಗಲವಾಗಿ, ತಗ್ಗಾಗಿವೆ.

ನಡುವಿನ ಕೊಳವೆಗೆ ತೆರೆದುಕೊಂಡ 70 ಕಿಟಕಿಗಳಿವೆ. ಇಳಿಯುತ್ತಾ ಹೋದಂತೆ ಬೆಳಕು ಬಿಳಿಯಿಂದ ಹಸಿರಿಗೆ, ಹಸಿರಿನಿಂದ ಬೂದಿಬಣ್ಣಕ್ಕೆ ತಿರುಗಿತು. ಗೋಡೆಗೆ ಅಂಗೈ ಇಟ್ಟರೆ ಪಾಚಿಯ ತೇವ. ಅರ್ಧ ದಾರಿಯಲ್ಲಿ ಒಂದು ಕಿಟಕಿಗೆ ಒರಗಿ ನಿಂತಿದ್ದಾಗ ಎದುರು ಕಿಟಕಿಯಲ್ಲಿ, ಹತ್ತುವ ಮೆಟ್ಟಿಲ ಮೇಲೆ, ಒಂದು ಮಗು ಕಾಣಿಸಿ ಕೈ ಬೀಸಿತು. ನಾನೂ ಬೀಸಿದೆ. ಮರುಕ್ಷಣ ಅದು ಮೇಲಿನ ಕಿಟಕಿಯಲ್ಲಿತ್ತು, ನಾನು ಕೆಳಗಿನದರಲ್ಲಿ. ಈ ಬಾವಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ನನಗೆ ಮನವರಿಕೆಯಾದದ್ದು ಆ ಗಳಿಗೆಯಲ್ಲಿ.

ಬುಡದ ಸೇತುವೆಯ ಮೇಲೆ ಬಹಳ ಹೊತ್ತು ನಿಂತೆ. ಕೆಳಗೆ ತಿಳಿನೀರು, ಅದರೊಳಗೆ ಪ್ರವಾಸಿಗರು ಎಸೆದ ನಾಣ್ಯಗಳು. ಲಕ್ಕುಂಡಿಯ ಮುಸುಕಿನ ಬಾವಿ ನೆನಪಾಯಿತು. ಅಲ್ಲಿ ಮೆಟ್ಟಿಲ ಉದ್ದಕ್ಕೂ ಪುಟ್ಟ ಗುಡಿಗಳಿವೆ. ನೀರಿಗೆ ಹೋಗುವುದೇ ದೇವರ ಬಳಿ ಹೋದಂತೆ. ಇಲ್ಲಿ ಅಂಥ ಅಲಂಕಾರವಿಲ್ಲ, ಇಡೀ ಬಾವಿಯೇ ಒಂದು ಲೆಕ್ಕಾಚಾರ. ಪ್ರಕೃತಿ ಕೊಡದೆ ಉಳಿಸಿದ್ದನ್ನು ಮನುಷ್ಯನ ದುಡಿಮೆ ತುಂಬಿಕೊಟ್ಟಿತು ಎಂಬ ಅರ್ಥದ ಲ್ಯಾಟಿನ್ ಸಾಲು ಬಾಗಿಲಲ್ಲಿದೆ. ಹತ್ತಿ ಬಂದು ಏದುಸಿರು ಬಿಡುತ್ತಾ ಅದನ್ನು ಇನ್ನೊಮ್ಮೆ ಓದಿದೆ.

ಕೆಥೆಡ್ರಲ್‌ಗೆ ಕಾವೂರ್ ಬೀದಿ ಹಿಡಿದು ನಡೆದೇ ಹೋದೆ. 1290ರಲ್ಲಿ ಆರಂಭವಾದ ಕಟ್ಟಡ. ಪಕ್ಕದ ಗೋಡೆಗಳಿಗೆ ಕಪ್ಪು ಬಿಳುಪು ಪಟ್ಟೆ. ಬಂಗಾರದ ಹೊಳಪಿನ ಮುಂಭಾಗವನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನನ್ನ ಮನಸ್ಸು ಹಿಡಿದದ್ದು ಕೆಳಗೆ, ಕಣ್ಣಿನ ಮಟ್ಟಕ್ಕೇ ಇರುವ ಕಲ್ಲಿನ ಉಬ್ಬುಶಿಲ್ಪಗಳು. ಎಡತುದಿಯ ಕಂಬದಲ್ಲಿ ಆದಮ್ ಮಲಗಿದ್ದಾನೆ, ದೇವರು ಬಾಗಿ ಅವನ ಪಕ್ಕೆಗೆ ಕೈ ಹಾಕಿದ್ದಾನೆ. ಒಳಗೆ ಚಿತ್ರಕಾರ ಸಿನ್ಯೊರೆಲ್ಲಿ 1499ರಿಂದ ಬಿಡಿಸಿದ ಕೊನೆಯ ತೀರ್ಪಿನ ಭಿತ್ತಿಚಿತ್ರಗಳ ಮುಂದೆ ಒಂದು ಗಂಟೆ ಕುಳಿತೆ. ಜೊತೆಗೆ ಯಾರಾದರೂ ಇದ್ದಿದ್ದರೆ ಅಷ್ಟು ಹೊತ್ತು ಕೂರಲು ಆಗುತ್ತಿರಲಿಲ್ಲ.

ಅದರ ಫಲವಾಗಿ ಊಟ ತಪ್ಪಿತು. ಮೂರು ಗಂಟೆಗೆ ಹೋದರೆ ಅಡುಗೆಮನೆ ಮುಚ್ಚಿತ್ತು. ಇಟಲಿಯ ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟವನ್ನು ಒಂದು ಗಂಟೆಗೇ ಮುಗಿಸಿಕೊಳ್ಳಬೇಕು. ಅಂಗಡಿಯಲ್ಲಿ ಬ್ರೆಡ್ಡು, ಪೆಕೊರಿನೊ ಚೀಸು ಕೊಂಡು ಕಟ್ಟೆಯ ಮೇಲೆ ತಿಂದೆ. ಆಮೇಲೆ ಮಾರ್ಗದರ್ಶಕರ ಜೊತೆ ನೆಲದಡಿಯ ಗುಹೆಗಳಿಗೆ ಇಳಿದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು ಇದು, ಊರಿನ ಕೆಳಗೆ ಸಾವಿರಕ್ಕೂ ಹೆಚ್ಚು ಗುಹೆಗಳನ್ನು ಜನರೇ ಕೊರೆದಿದ್ದಾರೆ. ಒಂದೆಡೆ ಗೋಡೆಯ ತುಂಬಾ ಪಾರಿವಾಳ ಸಾಕಲು ಕೊರೆದ ಗೂಡುಗಳು. ಇನ್ನೊಂದೆಡೆ ನೆಲದಲ್ಲಿ ಒಂದು ಇಕ್ಕಟ್ಟಾದ ಆಯತಾಕಾರದ ಕತ್ತಲು: ರೋಮನ್ನರಿಗೂ ಮೊದಲು ಇಲ್ಲಿ ನೆಲೆಸಿದ್ದ ಎಟ್ರಸ್ಕನ್ನರು ಎರಡು ಸಾವಿರ ವರ್ಷಕ್ಕೂ ಹಿಂದೆ ತೋಡಿದ ಬಾವಿ. ಇಳಿಯುವವನು ಕಾಲೂರಲು ಎದುರುಬದುರು ಗೋಡೆಗಳಲ್ಲಿ ಸಾಲಾಗಿ ಕುಳಿಗಳಿವೆ. ಪೋಪನಿಗೂ ಮೊದಲು, ಕೆಥೆಡ್ರಲ್‌ಗೂ ಮೊದಲು, ಯಾರೋ ಒಬ್ಬ ಆ ಕುಳಿಗಳಲ್ಲಿ ಕಾಲಿಟ್ಟು ಬಂಡೆಯನ್ನು ಕೊರೆಯುತ್ತಾ ನೀರು ಹುಡುಕಿಕೊಂಡು ಇಳಿದಿದ್ದ.

ಮೋರೊ ಗೋಪುರ ಹತ್ತಲಿಲ್ಲ, ವಸ್ತುಸಂಗ್ರಹಾಲಯ ನೋಡಲಿಲ್ಲ. ಚೌಕದ ನಳದಲ್ಲಿ ಬಾಟಲಿ ತುಂಬಿಸಿಕೊಂಡು ಹಗ್ಗದ ರೈಲು ಹತ್ತಿದೆ. ರೋಮಿನ ರೈಲು ಹೊರಟಾಗ ಬಂಡೆಯ ಮೇಲೆ ದೀಪ ಹತ್ತುತ್ತಿದ್ದವು. ಒಂದು ಗುಟುಕು ಕುಡಿದೆ. ನೀರು ಇನ್ನೂ ತಣ್ಣಗಿತ್ತು.